ಉತ್ತರದ ಕಾಡಿನ ಬೇಟೆಯ ನಿಯಮಗಳೂ ನಮ್ಮ ಬಯಲಿನ ಚಿಗರಿಗಳೂ

ಮಾನ್ಯ ಸಂಪಾದಕರೇ,

ಮುಂಗಾರಿನಲ್ಲಿ ತೊಗರಿ, ಹೆಸರು, ಉದ್ದು ಎರಡೆಲೆ ಬಿಡುವ ಹೊತ್ತಿಗೆ ಚಿಗರಿಗಳ (ಕೃಷ್ಣಮೃಗಗಳ) ಹಿಂಡು ಹೊಲಕ್ಕಿಳಿಯುವುದು, ಹಿಂಗಾರಿನಲ್ಲಿ ಕಡಲೆ ಮತ್ತು ಜೋಳದ ಹೊಲಗಳಿಗೆ ಕಾಡುಹಂದಿ ನುಗ್ಗುವುದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರೈತರಿಗೆ ಹೊಸ ಸಂಗತಿಯೇನಲ್ಲ. ಈಚೆಗೆ ಹೊಸದಾಗಿ ಕೇಳಿಬರುತ್ತಿರುವುದು ಅದಕ್ಕೆ ಕೆಲವರು ಸೂಚಿಸುತ್ತಿರುವ ಪರಿಹಾರ. ಅಮೆರಿಕದ ಅಲಾಸ್ಕದಲ್ಲಿ, ಕೆನಡಾದ ಯೂಕಾನ್ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳಲ್ಲಿ ಹಣವಂತ ಬೇಟೆಗಾರರು ಗೈಡುಗಳನ್ನು ಜೊತೆಗಿಟ್ಟುಕೊಂಡು ಕರಡಿ, ಮೂಸ್ ಮತ್ತು ಕ್ಯಾರಿಬೂ ಎಂಬ ದೊಡ್ಡ ಜಿಂಕೆಗಳು, ಕಾಡುಕುರಿಗಳನ್ನು ಹೊಡೆಯುವ ವಿಡಿಯೊಗಳು ನಮ್ಮ ಹಳ್ಳಿಗಳ ಮೊಬೈಲುಗಳಿಗೂ ಬಂದು ತಲುಪಿವೆ. ಅವನ್ನು ತೋರಿಸಿ, ‘ಅಲ್ಲಿ ಸರ್ಕಾರವೇ ಬೇಟೆಗೆ ಟಿಕೆಟ್ ಮಾರುತ್ತದೆ, ಕಾಡೂ ಉಳಿದಿದೆ, ಊರಿಗೂ ದುಡ್ಡು ಬರುತ್ತಿದೆ, ನಮ್ಮಲ್ಲೂ ಚಿಗರಿ ಮತ್ತು ಹಂದಿಯ ಬೇಟೆಯನ್ನು ಹಣ ಕಟ್ಟುವವರಿಗೆ ಏಕೆ ತೆರೆಯಬಾರದು’ ಎಂದು ರೈತರ ಸಭೆಗಳಲ್ಲಿಯೂ ಚಹಾದಂಗಡಿಗಳಲ್ಲಿಯೂ ಕೇಳಲಾಗುತ್ತಿದೆ. ಬೆಳೆ ಕಳೆದುಕೊಂಡವನ ಬಾಯಲ್ಲಿ ಈ ಪ್ರಶ್ನೆ ಬಂದರೆ ಅದನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದಲೇ ಅದಕ್ಕೆ ಪೂರ್ಣವಾದ ಉತ್ತರ ಕೊಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಭೂಗೋಳ ಬೋಧಿಸಿ ನಿವೃತ್ತನಾದವನು. ಚಿಂಚೋಳಿ ತಾಲ್ಲೂಕಿನಲ್ಲಿ ಪಿತ್ರಾರ್ಜಿತವಾಗಿ ಬಂದ ಹೊಲದಲ್ಲಿ ಈಗಲೂ ತೊಗರಿ ಬೆಳೆಯುತ್ತೇನೆ. ಉತ್ತರ ಧ್ರುವಕ್ಕೆ ಹತ್ತಿರವಾದ ಆ ನಾಡುಗಳ ಬೇಟೆಯ ವ್ಯವಸ್ಥೆಯನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ವಿಡಿಯೊಗಳಲ್ಲಿ ಕಾಣುವುದು ಆ ವ್ಯವಸ್ಥೆಯ ಕೊನೆಯ ಅರ್ಧ ನಿಮಿಷ ಮಾತ್ರ. ಗುಂಡು ಹಾರುವುದಕ್ಕೆ ಮೊದಲು ಏನೆಲ್ಲ ಆಗಿರಬೇಕು, ಹಾರಿದ ನಂತರ ಏನೆಲ್ಲ ಆಗಲೇಬೇಕು ಎಂಬುದು ಅವುಗಳಲ್ಲಿ ಕಾಣುವುದಿಲ್ಲ. ಅದನ್ನು ತಿಳಿದವರು ಅಲ್ಲಿಂದ ತರಬೇಕಾದುದು ಬಂದೂಕನ್ನಲ್ಲ, ಲೆಕ್ಕದ ಪುಸ್ತಕವನ್ನು ಎಂದು ಒಪ್ಪಿಯಾರು ಎಂಬುದು ನನ್ನ ನಂಬಿಕೆ.

ಮೊದಲು ಅಲಾಸ್ಕದ ಕಾನೂನನ್ನು ನೋಡೋಣ. ಆ ರಾಜ್ಯದ ನಿವಾಸಿಯಲ್ಲದ ಅಮೆರಿಕನ್ ಪ್ರಜೆ ಕಂದು ಕರಡಿ, ಡಾಲ್ ಕುರಿ ಎಂಬ ಕಾಡುಕುರಿ ಅಥವಾ ಬೆಟ್ಟದ ಮೇಕೆಯನ್ನು ಬೇಟೆಯಾಡಬೇಕಾದರೆ ಪರವಾನಗಿ ಪಡೆದ ಗೈಡ್ ಜೊತೆಗಿರಲೇಬೇಕು, ಇಲ್ಲವೇ ಅಲ್ಲಿಯೇ ನೆಲೆಸಿದ ಹತ್ತಿರದ ಸಂಬಂಧಿ ಜೊತೆಗಿರಬೇಕು. ಬೇರೆ ದೇಶದವರಿಗಂತೂ ಯಾವುದೇ ದೊಡ್ಡ ಪ್ರಾಣಿಯ ಬೇಟೆಗೂ ಗೈಡ್ ಕಡ್ಡಾಯ. ಈ ಗೈಡ್ ಎಂದರೆ ದಾರಿ ತೋರಿಸುವ ಆಳಲ್ಲ. ಸಹಾಯಕನಾಗಿ ವರ್ಷಗಟ್ಟಲೆ ದುಡಿದು, ಪರೀಕ್ಷೆ ಪಾಸಾಗಿ, ರಾಜ್ಯದ ಮಂಡಳಿಯಿಂದ ಪರವಾನಗಿ ಪಡೆದವನು ಮಾತ್ರ ಗಿರಾಕಿಯೊಂದಿಗೆ ಲಿಖಿತ ಕರಾರು ಮಾಡಿಕೊಳ್ಳಬಹುದು. ಪ್ರತಿ ಬೇಟೆಯ ವಿವರವನ್ನೂ ಅವನು ಮಂಡಳಿಗೆ ಸಲ್ಲಿಸಬೇಕು. ರಾಜ್ಯವನ್ನು ವಿಂಗಡಿಸಿರುವ ಗೈಡ್ ವಲಯಗಳ ಪೈಕಿ ಮೂರಕ್ಕಿಂತ ಹೆಚ್ಚಿನ ವಲಯಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡುವಂತಿಲ್ಲ. ಗಿರಾಕಿಯನ್ನು ವಿಮಾನದಲ್ಲಿ ಒಯ್ದು ಕಾಡಿಗೆ ಬಿಟ್ಟುಬರುವ ಸಾಗಣೆದಾರರ ಪರವಾನಗಿಯೇ ಬೇರೆ. ಅವರು ಬೇಟೆಯಲ್ಲಿ ಕೈಯಾಡಿಸುವಂತಿಲ್ಲ.

ರಸ್ತೆಯೇ ಇಲ್ಲದ ಆ ಪ್ರದೇಶಗಳಿಗೆ ಹೋಗುವುದು ನದಿಯ ಮರಳದಿಣ್ಣೆಯ ಮೇಲೆಯೋ ಸರೋವರದ ನೀರಿನ ಮೇಲೆಯೋ ಇಳಿಯಬಲ್ಲ ಪುಟ್ಟ ವಿಮಾನಗಳಲ್ಲಿ. ಆದರೆ ಆಕಾಶದಿಂದ ಪ್ರಾಣಿಯನ್ನು ಗುರುತಿಸಿ, ಪಕ್ಕದಲ್ಲಿಯೇ ಇಳಿದು ಹೊಡೆಯುವ ಹಾಗಿಲ್ಲ. ವಿಮಾನ ಪ್ರಯಾಣ ಮಾಡಿದವನು ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ದೊಡ್ಡ ಪ್ರಾಣಿಗಳ ಬೇಟೆಗೆ ಇಳಿಯಬಾರದೆಂಬುದು ಅಲ್ಲಿಯ ಸಾಮಾನ್ಯ ನಿಯಮ. ಕರಡಿಯ ಮರಿಗಳನ್ನೂ ಮರಿಗಳ ಜೊತೆಗಿರುವ ತಾಯಿಯನ್ನೂ ಹೊಡೆಯುವಂತಿಲ್ಲ. ಡಾಲ್ ಕುರಿಯಾದರೆ ಸಾಮಾನ್ಯವಾಗಿ ಕೊಂಬು ಪೂರ್ಣ ಒಂದು ಸುತ್ತು ಬಂದಿರುವ ಅಥವಾ ಎಂಟು ವರ್ಷ ತುಂಬಿದ ಟಗರು ಮಾತ್ರ. ಇದನ್ನು ದುರ್ಬೀನಿನಲ್ಲಿ ನೋಡಿ, ಕೊಂಬಿನ ಮೇಲಿನ ವರ್ಷದ ಉಂಗುರಗಳನ್ನು ಎಣಿಸಿ ನಿರ್ಧರಿಸಬೇಕಾದವನು ಗೈಡ್. ಸುಮಾರು 3,500 ಕಂದು ಕರಡಿಗಳಿರುವ ಕೊಡಿಯಾಕ್ ದ್ವೀಪಸಮೂಹದಲ್ಲಿ ವಸಂತದ ಬೇಟೆ ಏಪ್ರಿಲ್ 1ರಿಂದ ಮೇ 15ರವರೆಗೆ, ಶರತ್ಕಾಲದ್ದು ಅಕ್ಟೋಬರ್ 25ರಿಂದ ನವೆಂಬರ್ 30ರವರೆಗೆ. ಎಷ್ಟು ಪರವಾನಗಿ ಎಂಬುದು ವಲಯವಾರು ನಿಗದಿಯಾಗಿರುತ್ತದೆ. ಹೊಡೆದ ಕರಡಿಯ ಚರ್ಮ ಮತ್ತು ತಲೆಬುರುಡೆಯನ್ನು ಇಲಾಖೆಯ ಮುಂದೆ ಹಾಜರುಪಡಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಇಂತಹ ಒಂದು ಬೇಟೆಗೆ ಗೈಡ್ ಕೇಳುವ ಹಣ 20 ಸಾವಿರ ಡಾಲರುಗಳನ್ನು, ಎಂದರೆ ಸುಮಾರು ಹದಿನೇಳು ಲಕ್ಷ ರೂಪಾಯಿಗಳನ್ನು, ಸುಲಭವಾಗಿ ಮೀರುತ್ತದೆ.

ಮಾಂಸದ ಕುರಿತ ನಿಯಮವು ನನ್ನನ್ನು ಬಹಳವಾಗಿ ಆಲೋಚಿಸುವಂತೆ ಮಾಡಿದೆ. ಮೂಸ್, ಕ್ಯಾರಿಬೂ, ಕುರಿಗಳನ್ನು ಹೊಡೆದವನು ತಿನ್ನಲು ಯೋಗ್ಯವಾದ ಮಾಂಸವನ್ನೆಲ್ಲ, ಅಂದರೆ ನಾಲ್ಕು ತೊಡೆಗಳು, ಪಕ್ಕೆಲುಬಿನ ನಡುವಿನದು, ಕತ್ತಿನದು, ಬೆನ್ನಿನದು, ಎಲ್ಲವನ್ನೂ ಕಾಡಿನಿಂದ ಹೊರತರಬೇಕು. ಕೊಂಬನ್ನು ಮೊದಲು ಸಾಗಿಸಿ ಮಾಂಸವನ್ನು ಆಮೇಲೆ ನೋಡಿಕೊಳ್ಳುತ್ತೇನೆ ಎನ್ನುವಂತಿಲ್ಲ; ಮಾಂಸ ಹೊರಬಿದ್ದ ಮೇಲೆಯೇ ಕೊಂಬು. ಒಂದು ಪ್ರಾಯದ ಗಂಡು ಮೂಸ್‌ನಿಂದ ಇನ್ನೂರು ಕಿಲೋಗೂ ಹೆಚ್ಚು ಮಾಂಸ ದೊರೆಯುತ್ತದೆ. ಅದನ್ನು ಕೊಯ್ದು, ಚೀಲಗಳಲ್ಲಿ ಕಟ್ಟಿ, ನೀರು ತುಂಬಿದ ಹುಲ್ಲುಗುಪ್ಪೆಗಳ ಜೌಗುನೆಲದ ಮೇಲೆ ಬೆನ್ನಿಗೆ ಹೊತ್ತು ವಿಮಾನ ಇಳಿಯುವ ಜಾಗದವರೆಗೆ ಸಾಗಿಸುವ ಕೆಲಸ ದಿನಗಟ್ಟಲೆ ನಡೆಯಬಹುದು. ಗೈಡುಗಳೂ ಅವರ ಸಹಾಯಕರೂ ಪಡೆಯುವ ಸಂಬಳದ ದೊಡ್ಡ ಭಾಗ ಈ ಹೊರೆಗೆ ಸಲ್ಲುತ್ತದೆ ಎಂದರೂ ತಪ್ಪಲ್ಲ. ಕಂದು ಕರಡಿಯ ವಿಷಯದಲ್ಲಿ ಬಹುಪಾಲು ಕಡೆ ಈ ಕಡ್ಡಾಯವಿಲ್ಲ, ಮತ್ತು ಅದೇ ಅಲ್ಲಿಯೂ ಹೆಚ್ಚು ವಿವಾದಕ್ಕೆ ಒಳಗಾದ ಬೇಟೆ. ತಿನ್ನದ ಪ್ರಾಣಿಯನ್ನು ಚರ್ಮಕ್ಕಾಗಿ ಕೊಲ್ಲುವುದು ಸರಿಯೇ ಎಂಬ ಪ್ರಶ್ನೆ ಬೇಟೆಗಾರರ ನಡುವೆಯೇ ಇದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಗ್ರಿಜ್ಲಿ ಎಂದು ಕರೆಯುವ ಕಂದು ಕರಡಿಗಳು ಸುಮಾರು 15,000 ಇವೆ ಎಂಬ ಅಂದಾಜಿದ್ದಾಗಲೂ 2017ರ ಡಿಸೆಂಬರ್‌ನಲ್ಲಿ ಅಲ್ಲಿಯ ಸರ್ಕಾರ, ಮೂಲನಿವಾಸಿಗಳ ಹಕ್ಕನ್ನು ಉಳಿಸಿ, ಉಳಿದವರ ಗ್ರಿಜ್ಲಿ ಬೇಟೆಯನ್ನು ನಿಲ್ಲಿಸಿತು. ಗೈಡುಗಳಿಗೆ ನಷ್ಟವಾಯಿತು, ಅವರು ಪ್ರತಿಭಟಿಸಿದರು. ಜನಾಭಿಪ್ರಾಯ ಬದಲಾಗಿದೆ ಎಂಬುದೇ ಸರ್ಕಾರ ಕೊಟ್ಟ ಮುಖ್ಯ ಕಾರಣವಾಗಿತ್ತು.

ಇಷ್ಟು ನಿಯಮಗಳಿದ್ದರೂ ಅಲಾಸ್ಕದಲ್ಲಿ ಎಲ್ಲವೂ ಸರಿಯಾಗಿದೆ ಎಂದು ಹೇಳಲಾಗದು. ಹಿಂದೆ ಅಲ್ಲಿ ಒಬ್ಬ ಗೈಡಿಗೆ ಒಂದು ಪ್ರದೇಶ ಎಂದು ಹಂಚಿಕೊಡುವ ಪದ್ಧತಿ ಇತ್ತು. ವನ್ಯಜೀವಿಗಳು ಎಲ್ಲ ಪ್ರಜೆಗಳ ಸಾಮಾನ್ಯ ಬಳಕೆಗೆ ಮೀಸಲಾದ ಸಂಪತ್ತು ಎಂಬ ರಾಜ್ಯ ಸಂವಿಧಾನದ ಮಾತಿಗೆ ಅದು ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪು ಕೊಟ್ಟಿತು. ನ್ಯಾಯದ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಆದರೆ ಅದರ ನಂತರ ರಾಜ್ಯದ ಜಮೀನಿನಲ್ಲಿ ಒಂದೇ ಕಣಿವೆಗೆ ಹಲವು ಗೈಡುಗಳು ಪೈಪೋಟಿಗಿಳಿದರು. ನಾನು ಬಿಟ್ಟ ಟಗರನ್ನು ನಾಳೆ ಪಕ್ಕದವನು ಹೊಡೆಯುತ್ತಾನೆ ಎಂದು ಗೊತ್ತಿದ್ದರೆ ಬಿಡುವವರು ಯಾರು? ಕೇಂದ್ರ ಸರ್ಕಾರದ ವನ್ಯಜೀವಿ ಧಾಮಗಳಲ್ಲಿ ಇಂದಿಗೂ ಗೈಡುಗಳನ್ನು ಸ್ಪರ್ಧಾತ್ಮಕವಾಗಿ ಆರಿಸಿ ಪ್ರದೇಶ ಕೊಡುವುದರಿಂದ ಅಲ್ಲಿ ಇಷ್ಟು ಒತ್ತಡವಿಲ್ಲ. ಯೂಕಾನ್ ಮತ್ತು ಬ್ರಿಟಿಷ್ ಕೊಲಂಬಿಯಾದಲ್ಲಿಯೂ ಹೊರಗಿನ ಬೇಟೆಗಾರರನ್ನು ಕರೆದೊಯ್ಯುವ ಹಕ್ಕು ಆಯಾ ಪ್ರದೇಶದ ಒಬ್ಬನೇ ಪರವಾನಗಿದಾರನಿಗೆ ಸೇರಿರುತ್ತದೆ. ತನ್ನ ಪ್ರದೇಶದ ಹಿಂಡು ಬರಿದಾದರೆ ತನ್ನ ಕಸುಬೇ ಮುಗಿಯುತ್ತದೆ ಎಂಬ ಅರಿವೇ ಅವನನ್ನು ಹಿಡಿತದಲ್ಲಿಡುವ ನಿಯಮ. ನಮ್ಮಲ್ಲಿ ಮರಳು ಮತ್ತು ಕಲ್ಲು ಗಣಿಯ ಗುತ್ತಿಗೆಗಳು ನಡೆಯುವ ರೀತಿಯನ್ನು ಕಂಡವರಿಗೆ, ಇಂತಹ ದೀರ್ಘಕಾಲದ ಹೊಣೆಗಾರಿಕೆಯನ್ನು ಒಂದು ಟೆಂಡರಿನಿಂದ ಹುಟ್ಟಿಸಬಹುದೆಂಬ ಭರವಸೆ ಬರುವುದು ಕಷ್ಟ.

ಇನ್ನೊಂದು ವಿಷಯವನ್ನು ವಿಡಿಯೊ ತೋರಿಸುವವರು ಎಂದೂ ಎತ್ತುವುದಿಲ್ಲ. ಆ ಉತ್ತರದ ನಾಡುಗಳಲ್ಲಿ ಹಣ ಕೊಡುವ ಬೇಟೆಗಾರನು ಸರದಿಯಲ್ಲಿ ಕೊನೆಯವನು. 1980ರ ಅಲಾಸ್ಕ ರಾಷ್ಟ್ರೀಯ ಹಿತಾಸಕ್ತಿ ಭೂಸಂರಕ್ಷಣಾ ಕಾಯ್ದೆಯು ಕೇಂದ್ರ ಸರ್ಕಾರದ ಜಮೀನುಗಳಲ್ಲಿ ಹಳ್ಳಿಗಾಡಿನ ನಿವಾಸಿಗಳ ಹೊಟ್ಟೆಪಾಡಿನ ಬೇಟೆಗೆ ಮೊದಲ ಆದ್ಯತೆ ಕೊಟ್ಟಿದೆ. ಪ್ರಾಣಿಗಳು ಕಡಿಮೆಯಾದಾಗ ಮೊದಲು ನಿಲ್ಲುವುದು ಹೊರಗಿನವರ ಬೇಟೆ. 1999ರಲ್ಲಿ ರಚನೆಯಾದ ಕೆನಡಾದ ನುನಾವುಟ್‌ನಲ್ಲಿ ಹಿಮಕರಡಿಗಳ ವಾರ್ಷಿಕ ಮಿತಿಯನ್ನು ಇನ್ಯೂಟ್ ಮೂಲನಿವಾಸಿಗಳ ಊರುಗಳಿಗೆ ಹಂಚಲಾಗುತ್ತದೆ. ಆ ಊರಿನ ಬೇಟೆಗಾರರ ಸಂಘವೇ, ತಮ್ಮ ಪಾಲಿನಲ್ಲಿ ಎಷ್ಟನ್ನು ತಾವೇ ಬಳಸಬೇಕು, ಎಷ್ಟನ್ನು ಹೊರಗಿನವರಿಗೆ ಕೊಡಬೇಕು ಎಂದು ತೀರ್ಮಾನಿಸುತ್ತದೆ. ಹೊರಗಿನವನು ಬಂದರೆ ಇನ್ಯೂಟ್ ಗೈಡಿನ ನಾಯಿಗಾಡಿಯಲ್ಲಿ ಹೋಗಬೇಕು. ಚರ್ಮ ಅವನದು, ಮಾಂಸ ಊರಿನದು. 2008ರ ಮೇ ತಿಂಗಳಲ್ಲಿ ಅಮೆರಿಕವು ಹಿಮಕರಡಿಯನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿ ಚರ್ಮದ ಆಮದನ್ನು ನಿಲ್ಲಿಸಿದಾಗ ಅಮೆರಿಕನ್ ಗಿರಾಕಿಗಳು ಹಿಂದೆ ಸರಿದರು, ಮತ್ತು ಉದ್ಯೋಗವೇ ಅಪರೂಪವಾದ ಆ ಊರುಗಳ ಗೈಡುಗಳು ಆದಾಯ ಕಳೆದುಕೊಂಡರು. ಆ ನಿರ್ಧಾರದ ಸರಿತಪ್ಪುಗಳ ಬಗ್ಗೆ ವಾದವಿದೆ. ಆದರೆ ಹಕ್ಕು ಯಾರದು ಎಂಬ ಬಗ್ಗೆ ಅಲ್ಲಿ ಗೊಂದಲವಿರಲಿಲ್ಲ.

ನಮ್ಮಲ್ಲಿ ಏನಾಗಿದೆ? ಸುರಪುರ ಸೀಮೆಯ ಬೇಡರು, ಈ ಬಯಲುಗಳಲ್ಲಿ ಅಲೆಯುತ್ತಿದ್ದ ಹರಣಶಿಕಾರಿ ಮತ್ತು ಪಾರ್ಧಿ ಕುಟುಂಬಗಳು, ತಾಂಡಾಗಳ ಲಂಬಾಣಿಗರು, ಇವರೆಲ್ಲರ ಬದುಕಿನಲ್ಲಿ ಬೇಟೆ ಒಂದು ಕಾಲಕ್ಕೆ ಊಟದ ಭಾಗವಾಗಿತ್ತು. ಬೇಟೆಯನ್ನೇ ನಂಬಿದ್ದ ಅಲೆಮಾರಿ ಸಮುದಾಯಗಳಲ್ಲಿ ಹಲವನ್ನು ಬ್ರಿಟಿಷರ ಕಾಯ್ದೆ ಹುಟ್ಟು ಅಪರಾಧಿಗಳೆಂದು ಕರೆಯಿತು. ಸ್ವಾತಂತ್ರ್ಯದ ನಂತರ 1952ರಲ್ಲಿ ಆ ಹಣೆಪಟ್ಟಿ ಕಾನೂನಿನಲ್ಲಿ ಹೋಯಿತು, ಜನರ ಮನಸ್ಸಿನಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಇಂದು ಒಬ್ಬ ಬಡವ ಗೌಜಲಕ್ಕಿಗೆ ಬಲೆ ಹಾಕಿದರೆ ಅವನ ಮೇಲೆ ಮೊಕದ್ದಮೆ ಬೀಳುತ್ತದೆ. ಅದೇ ಬಯಲಿಗೆ ಹೈದರಾಬಾದಿನಿಂದಲೋ ಮುಂಬೈಯಿಂದಲೋ ಜೀಪಿನಲ್ಲಿ ಬಂದವನು ಶುಲ್ಕ ಕಟ್ಟಿ ಚಿಗರಿ ಹೊಡೆದರೆ ಅದು ಕ್ರೀಡೆಯಾಗಬೇಕೆಂಬ ಸಲಹೆಯನ್ನು ನಾನು ಮನಸಾರೆ ವಿರೋಧಿಸುತ್ತೇನೆ. ಉತ್ತರದ ಮಾದರಿ ಬೇಕು ಎನ್ನುವವರು ಆ ಮಾದರಿಯ ಮೊದಲ ಸಾಲನ್ನೇ ಬಿಟ್ಟು ಓದುತ್ತಿದ್ದಾರೆ.

ಹಣದ ವಿಚಾರಕ್ಕೆ ಬರೋಣ. ಬೇಟೆಯಿಂದ ಬಂದ ಹಣ ಕಾಡನ್ನು ಉಳಿಸುತ್ತದೆ ಎಂಬ ಮಾತು ಅಮೆರಿಕದ ಮಟ್ಟಿಗೆ ಬಹುಪಾಲು ನಿಜ, ಆದರೆ ಅದು ತಾನಾಗಿ ಆದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರಾಟಕ್ಕಾಗಿ ನಡೆದ ಬೇಟೆ ಅಲ್ಲಿಯ ಕಾಡೆಮ್ಮೆಗಳನ್ನು ಅಳಿವಿನಂಚಿಗೆ ತಂದಿತು. ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆ ಪೆಟ್ಟಿನ ನಡುವೆ ಅವರು ಕಾನೂನುಗಳನ್ನು ಒಂದೊಂದಾಗಿ ಕಟ್ಟಿದರು. ಕಾನೂನುಬಾಹಿರವಾಗಿ ಹೊಡೆದ ಪ್ರಾಣಿಯನ್ನು ರಾಜ್ಯದ ಗಡಿ ದಾಟಿಸುವುದನ್ನು 1900ರ ಲೇಸಿ ಕಾಯ್ದೆ ಅಪರಾಧವಾಗಿಸಿತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯು ಬೇಟೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ, ಈಗ ಶೇ 11ರಷ್ಟಿರುವ ತೆರಿಗೆಯ ಹಣವನ್ನು ವನ್ಯಜೀವಿ ಕೆಲಸಕ್ಕೇ ರಾಜ್ಯಗಳಿಗೆ ಹಂಚುವಂತೆ ಮಾಡಿತು. ಬೇಟೆಯ ಲೈಸೆನ್ಸ್ ಶುಲ್ಕವನ್ನು ಬೇರೆ ಬಾಬತ್ತಿಗೆ ತಿರುಗಿಸುವ ರಾಜ್ಯಕ್ಕೆ ಆ ಪಾಲು ಸಿಗುವುದಿಲ್ಲ. ವಿಮಾನದಿಂದ ಕ್ಯಾರಿಬೂ ಹಿಂಡುಗಳ ಚಿತ್ರ ತೆಗೆದು ಎಣಿಸುವ, ಕರಡಿಗಳಿಗೆ ರೇಡಿಯೊ ಪಟ್ಟಿ ಕಟ್ಟುವ ಜೀವವಿಜ್ಞಾನಿಗಳ ಸಂಬಳದ ಗಣನೀಯ ಭಾಗ ಇಂಥ ಮೂಲಗಳಿಂದ ಬರುತ್ತದೆ. ಎಣಿಕೆ ಮೊದಲು, ಮಿತಿ ಆಮೇಲೆ, ಪರವಾನಗಿ ಅದರ ನಂತರ. ಈ ಅನುಕ್ರಮ ತಪ್ಪಿದರೆ ಉಳಿಯುವುದು ಕೇವಲ ಮಾರಾಟ.

ಎಣಿಕೆ ಇದ್ದೂ ಹಿಂಡುಗಳು ಉಳಿಯದ ಉದಾಹರಣೆಗಳು ಅಲ್ಲಿಯೇ ಇವೆ. ಕೆನಡಾದ ವಾಯವ್ಯ ಪ್ರಾಂತ್ಯದ ಬ್ಯಾಥರ್ಸ್ಟ್ ಕ್ಯಾರಿಬೂ ಹಿಂಡಿನಲ್ಲಿ 1980ರ ದಶಕದ ಮಧ್ಯದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪ್ರಾಣಿಗಳಿದ್ದವು; 2018ರ ಅಂದಾಜು ಸುಮಾರು 8,200. ಅಲ್ಲಿಯ ಬೇಟೆ ಶಿಬಿರಗಳು ಮುಚ್ಚಿದವು, ಶತಮಾನಗಳಿಂದ ಅದೇ ಹಿಂಡನ್ನು ನಂಬಿದ್ದ ದೆನೆ ಮತ್ತು ತ್ಲಿಚೊ ಜನರೂ ಬೇಟೆ ಬಿಡಬೇಕಾಯಿತು. ಕ್ವಿಬೆಕ್ ಮತ್ತು ಲ್ಯಾಬ್ರಡಾರ್ ನಡುವಿನ ಜಾರ್ಜ್ ನದಿಯ ಹಿಂಡು 1990ರ ದಶಕದಲ್ಲಿ ಏಳೆಂಟು ಲಕ್ಷವಿದ್ದುದು 2018ರ ವೇಳೆಗೆ ಹತ್ತು ಸಾವಿರಕ್ಕಿಂತ ಕೆಳಗಿಳಿಯಿತು; ಆ ವರ್ಷ ಕ್ವಿಬೆಕ್ ಸರ್ಕಾರ ಕ್ಯಾರಿಬೂ ಕ್ರೀಡಾಬೇಟೆಯನ್ನು ಕೊನೆಗೊಳಿಸಿತು. ಅಲಾಸ್ಕದ ಮಲ್ಚಾಟ್ನಾ ಹಿಂಡು ಸುಮಾರು 2 ಲಕ್ಷದಿಂದ 13 ಸಾವಿರದ ಆಸುಪಾಸಿಗೆ ಬಂತು. ಈ ಕುಸಿತಕ್ಕೆ ಬೇಟೆಯೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಮೇವಿನ ನೆಲದ ಬದಲಾವಣೆ, ಬಿಸಿಯಾಗುತ್ತಿರುವ ಹವಾಮಾನ, ರೋಗ, ಗಣಿ ರಸ್ತೆಗಳು, ಹಿಂಡುಗಳು ತಾವಾಗಿಯೇ ಏರಿಳಿಯುವ ಸ್ವಭಾವ, ಎಲ್ಲವೂ ಸೇರಿವೆ. ಆದರೆ ಹಿಂಡು ಇಳಿಯತೊಡಗಿದಾಗ ಬೇಟೆಯ ಉದ್ಯಮವನ್ನು ತಕ್ಷಣ ನಿಲ್ಲಿಸಲು ಎಷ್ಟು ಕಷ್ಟವಾಯಿತೆಂಬುದನ್ನು ನಾವು ಗಮನಿಸಬೇಕು. ಮಲ್ಚಾಟ್ನಾ ಹಿಂಡನ್ನು ಮತ್ತೆ ಬೆಳೆಸುವ ಹೆಸರಿನಲ್ಲಿ 2023ರ ಮೇ–ಜೂನ್‌ನಲ್ಲಿ ಅಲಾಸ್ಕ ಸರ್ಕಾರದ ಸಿಬ್ಬಂದಿಯೇ ಹೆಲಿಕಾಪ್ಟರಿನಿಂದ 94 ಕಂದು ಕರಡಿಗಳನ್ನು ಕೊಂದರು. ಆ ಕಾರ್ಯಕ್ರಮವನ್ನು ಜಾರಿಗೆ ತಂದ ವಿಧಾನ ಸಂವಿಧಾನಕ್ಕೆ ಸಮ್ಮತವಲ್ಲವೆಂದು 2025ರಲ್ಲಿ ಅಲ್ಲಿಯ ನ್ಯಾಯಾಲಯ ಹೇಳಿತು. ನೂರು ವರ್ಷಗಳ ಅನುಭವ, ತಜ್ಞರ ಪಡೆ, ಮೀಸಲು ನಿಧಿ ಎಲ್ಲ ಇರುವ ಕಡೆಯೇ ಹೀಗಾಗಿದೆ.

ಈಗ ನಮ್ಮ ನೆಲದ ಅಳತೆಯನ್ನು ಪಕ್ಕದಲ್ಲಿಟ್ಟು ನೋಡಿ. ಯೂಕಾನ್‌ನ ವಿಸ್ತೀರ್ಣ ಸುಮಾರು 4.82 ಲಕ್ಷ ಚದರ ಕಿಲೋಮೀಟರ್. 2021ರ ಜನಗಣತಿಯಂತೆ ಅಲ್ಲಿರುವವರು 40 ಸಾವಿರದಷ್ಟು ಜನ. ಕಲಬುರಗಿ ಜಿಲ್ಲೆಯ ವಿಸ್ತೀರ್ಣ 11 ಸಾವಿರ ಚದರ ಕಿಲೋಮೀಟರಿಗೂ ಸ್ವಲ್ಪ ಕಡಿಮೆ. 2011ರ ಜನಗಣತಿಯ ಪ್ರಕಾರವೇ ಇಲ್ಲಿ 25 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅವರ ನಾಡು ನಮ್ಮ ಜಿಲ್ಲೆಯ ನಲವತ್ತನಾಲ್ಕು ಪಟ್ಟು ದೊಡ್ಡದು, ಅದರ ಜನಸಂಖ್ಯೆ ನಮ್ಮ ಒಂದು ದೊಡ್ಡ ಪಟ್ಟಣದಷ್ಟು. ದೊಡ್ಡ ಪ್ರಾಣಿಗಳಿಗೆ ಬಳಸುವ ರೈಫಲಿನ ಗುಂಡು ಗುರಿ ತಪ್ಪಿದರೆ ಮೂರು ನಾಲ್ಕು ಕಿಲೋಮೀಟರ್ ದೂರ ಹಾರಬಲ್ಲದು. ಅಲ್ಲಿ ಅದು ಬರಿ ಬಂಡೆಗೆ ಬಡಿದೀತು. ಇಲ್ಲಿಯ ಮಟ್ಟಸ ಬಯಲಿನಲ್ಲಿ ಆ ಅಂತರದೊಳಗೆ ಕಳೆ ತೆಗೆಯುವ ಹೆಂಗಸರಿರುತ್ತಾರೆ, ದನ ಕಾಯುವ ಮಕ್ಕಳಿರುತ್ತಾರೆ, ಒಂದು ತಾಂಡಾ ಇರುತ್ತದೆ, ಶಾಲೆ ಇರುತ್ತದೆ. 2011ರಲ್ಲಿ ಘೋಷಣೆಯಾದ, ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಹೆಸರಾದ ನಮ್ಮ ಚಿಂಚೋಳಿ ಅಭಯಾರಣ್ಯದ ಒಟ್ಟು ವ್ಯಾಪ್ತಿಯೇ ಸುಮಾರು 135 ಚದರ ಕಿಲೋಮೀಟರ್. ಕೃಷ್ಣಮೃಗ, ತೋಳ, ಕತ್ತೆಕಿರುಬ, ಕೊಂಡುಕುರಿ ಇಷ್ಟರಲ್ಲಿಯೇ ಬದುಕಬೇಕು.

ಕಾನೂನಿನ ಮಾತನ್ನೂ ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಕೆಲವರು ಜಿಲ್ಲಾಧಿಕಾರಿ ಮನಸ್ಸು ಮಾಡಿದರೆ ಸಾಕು ಎಂಬಂತೆ ಮಾತನಾಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಾಗ ಅದರಲ್ಲಿಯೂ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಲೈಸೆನ್ಸುಗಳ ವ್ಯವಸ್ಥೆ ಇತ್ತು; 1991ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಕೃಷ್ಣಮೃಗವು ಮೊದಲನೆಯ ಅನುಸೂಚಿಯ, ಎಂದರೆ ಅತಿ ಹೆಚ್ಚು ರಕ್ಷಣೆ ಪಡೆದ ಪಟ್ಟಿಯ, ಪ್ರಾಣಿ. ಸೆಕ್ಷನ್ 11ರ ಪ್ರಕಾರ ಅಂಥ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯಕಾರಿಯಾಗಿದ್ದರೆ ಅಥವಾ ಚೇತರಿಸಿಕೊಳ್ಳಲಾರದಷ್ಟು ರೋಗಪೀಡಿತವೋ ಅಂಗವಿಕಲವೋ ಆಗಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಹಿಡಿಯಲು ಅಥವಾ ಸ್ಥಳಾಂತರಿಸಲು ಸಾಧ್ಯವಿದ್ದರೆ ಕೊಲ್ಲುವಂತಿಲ್ಲ. ಬೆಳೆ ಹಾನಿ ಅದಕ್ಕೆ ಕಾರಣವಾಗಲಾರದು. ಎರಡನೆಯ ಅನುಸೂಚಿಯಲ್ಲಿರುವ ಕಾಡುಹಂದಿಯ ವಿಷಯದಲ್ಲಿ ಬೆಳೆ ಹಾನಿಯನ್ನು ಪರಿಗಣಿಸಿ ಅನುಮತಿ ಕೊಡುವ ಅವಕಾಶ ಕಾಯ್ದೆಯಲ್ಲಿಯೇ ಇದೆ; ಅದು ಸಂಕಷ್ಟದಲ್ಲಿರುವ ರೈತನಿಗಾಗಿ ಇಟ್ಟ ಬಾಗಿಲು, ಪ್ರವಾಸಿ ಬೇಟೆಗಾರನಿಗಾಗಿ ಅಲ್ಲ. ಹಾಗೆ ಅನುಮತಿ ಪಡೆದು ಕೊಂದ ಪ್ರಾಣಿಯೂ ಸೆಕ್ಷನ್ 39ರಂತೆ ಸರ್ಕಾರದ ಸ್ವತ್ತು. ಕೊಂಬನ್ನು ಗೋಡೆಗೆ ತೂಗುಹಾಕುವ ಆಸೆಯಿಂದ ಬರುವ ಗಿರಾಕಿಗೆ ಕಾನೂನು ಏನನ್ನೂ ಉಳಿಸಿಲ್ಲ.

ನಮ್ಮ ದೇಶ ಈ ವ್ಯಾಪಾರವನ್ನು ಮಾಡಿ ನೋಡಿಲ್ಲ ಎಂದೂ ಭಾವಿಸಬಾರದು. ಸ್ವಾತಂತ್ರ್ಯದ ನಂತರದ ಎರಡು ದಶಕಗಳಲ್ಲಿ ಶಿಕಾರ್ ಕಂಪನಿಗಳು ವಿದೇಶಿ ಗಿರಾಕಿಗಳನ್ನು ಕರೆತಂದು ಹುಲಿ ಹೊಡೆಸುತ್ತಿದ್ದವು. ಆಗಲೂ ವಿದೇಶಿ ವಿನಿಮಯ ಬರುತ್ತದೆ ಎಂಬುದೇ ವಾದವಾಗಿತ್ತು. 1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಂತು, 1972ರ ಎಣಿಕೆಯಲ್ಲಿ ಸಿಕ್ಕ ಹುಲಿಗಳು 1,827. ದಖ್ಖನಿನ ಬಯಲುಗಳಲ್ಲಿ ಚಿಗರಿಗಳನ್ನು ಅಟ್ಟಲು ನವಾಬರು, ಅರಸರು ಸಾಕುತ್ತಿದ್ದ ಚೀತಾ 1952ರ ವೇಳೆಗೆ ಭಾರತದಿಂದಲೇ ಅಳಿದಿತ್ತು. ಟೆಕ್ಸಾಸ್‌ನ ಖಾಸಗಿ ರ‍್ಯಾಂಚುಗಳಲ್ಲಿ ನಮ್ಮ ಕೃಷ್ಣಮೃಗವನ್ನೇ ಸಾಕಿ ಹಣಕ್ಕೆ ಬೇಟೆಯಾಡಿಸುತ್ತಾರೆ ಎಂದು ಒಬ್ಬ ಮಿತ್ರರು ನನಗೆ ಎದುರುತ್ತರ ಕೊಟ್ಟರು. ನಿಜ, 1930ರ ದಶಕದಲ್ಲಿ ಅಲ್ಲಿಗೆ ಒಯ್ದ ಪ್ರಾಣಿಗಳ ಸಂತತಿ ಅದು. ಆದರೆ ಬೇಲಿಯೊಳಗಿನ ಆ ಪ್ರಾಣಿಗಳು ರ‍್ಯಾಂಚಿನ ಮಾಲೀಕನ ವ್ಯವಹಾರದ ಭಾಗ. ಅವು ಹೋಲುವುದು ಕುರಿಹಟ್ಟಿಯನ್ನೇ ಹೊರತು ಕಾಡನ್ನಲ್ಲ.

ಇಷ್ಟೆಲ್ಲ ಹೇಳಿ ರೈತನ ನಷ್ಟವನ್ನು ಮರೆತರೆ ಈ ಪತ್ರಕ್ಕೆ ಅರ್ಥವಿಲ್ಲ. ಬೆಳೆ ಹಾನಿಗೆ ಪರಿಹಾರ ಕೇಳಲು ಅರ್ಜಿ, ಪಹಣಿ, ಫೋಟೊ, ಪಂಚನಾಮೆ ಎಲ್ಲವನ್ನೂ ಒದಗಿಸಬೇಕು. ಮೊಳಕೆ ಮೇಯ್ದ ಹೊಲದಲ್ಲಿ ಹಾನಿಯ ಗುರುತು ವಾರದೊಳಗೆ ಮಾಯವಾಗುತ್ತದೆ, ರೈತ ಮರುಬಿತ್ತನೆ ಮಾಡಿಬಿಟ್ಟಿರುತ್ತಾನೆ. ಹಾಗಾಗಿ ಬಹಳ ಜನ ಅರ್ಜಿಯನ್ನೇ ಹಾಕುವುದಿಲ್ಲ, ಮತ್ತು ಅರ್ಜಿ ಇಲ್ಲದ ಕಡೆ ಸಮಸ್ಯೆಯೇ ಇಲ್ಲವೆಂದು ಕಡತ ಹೇಳುತ್ತದೆ. ಚಿಗರಿಗಳು ಹೊಲಕ್ಕೆ ಬರುವುದಕ್ಕೆ ಕಾರಣವೂ ಇದೆ. ಅವು ಹುಲ್ಲುಗಾವಲಿನ ಪ್ರಾಣಿಗಳು. ಬೀದರಿನ ಕೆಂಪು ಜಂಬಿಟ್ಟಿಗೆಯ ದಿನ್ನೆಗಳ ಮೇಲಿನ ಹುಲ್ಲು, ಊರೂರಿನ ಗಾಯರಾಣ (ಗೋಮಾಳ), ಕುರುಚಲು ಬಯಲು, ಇವೆಲ್ಲ ‘ಪಾಳು ಭೂಮಿ’ ಎಂಬ ಹೆಸರಿನಲ್ಲಿ ಒತ್ತುವರಿಗೆ, ಕಲ್ಲುಗಣಿಗೆ, ಬಡಾವಣೆಗೆ ಹೋದವು. ಉಳಿದ ಕೆಲವೆಡೆ ಹುಲ್ಲು ಬೆಳೆಯಬೇಕಾದಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟದ್ದೂ ಇದೆ. ಗಾಯರಾಣವನ್ನು ಉಳಿಸಿದ ಊರುಗಳ ಹೊಲಗಳಲ್ಲಿ ಹಾನಿ ಕಡಿಮೆ ಎಂಬುದನ್ನು ನಮ್ಮ ಭಾಗದ ಕುರಿಗಾಹಿಗಳನ್ನು ಕೇಳಿದರೂ ಹೇಳುತ್ತಾರೆ.

ಕೊಲ್ಲದೆ ಮಾಡಬಹುದಾದುದಕ್ಕೂ ಮಾದರಿಗಳಿವೆ. 2016ರಲ್ಲಿ ಬಿಹಾರದ ಮೊಕಾಮಾ ಬಯಲಿನಲ್ಲಿ ನೀಲಗಾಯಿಗಳನ್ನು ಇನ್ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಗಿನ ಶಿಕಾರಿಗಳಿಂದ ಹೊಡೆಸಿದಾಗ ದೇಶದಲ್ಲಿ ಗದ್ದಲವಾಯಿತು. ಅದಕ್ಕೆ ಬದಲಾಗಿ, 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಶಾಜಾಪುರ ಜಿಲ್ಲೆಯಲ್ಲಿ, ದಕ್ಷಿಣ ಆಫ್ರಿಕಾದ ತಜ್ಞರ ನೆರವಿನಿಂದ, ಹೆಲಿಕಾಪ್ಟರಿನಲ್ಲಿ ನಿಧಾನವಾಗಿ ಅಟ್ಟಿ ದೊಡ್ಡ ಬಟ್ಟೆಗೋಡೆಯ ‘ಬೋಮಾ’ ಎಂಬ ಆವರಣದೊಳಗೆ ಸೇರಿಸಿ, ಎಂಟುನೂರಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹಿಡಿದು ಅಭಯಾರಣ್ಯಗಳಿಗೆ ಸಾಗಿಸಲಾಯಿತು. ಅಲ್ಲಿಯೂ ಕಾರಣ ಬೆಳೆ ಹಾನಿಯೇ. ಖರ್ಚಿನ ಕೆಲಸ, ಎಲ್ಲ ಕಡೆಗೂ ಹೊಂದುವುದಿಲ್ಲ, ಬಿಟ್ಟ ಕಡೆ ಹುಲ್ಲಿಲ್ಲದಿದ್ದರೆ ವ್ಯರ್ಥ. ಆದರೂ ಮೊದಲು ಪರಿಶೀಲಿಸಬೇಕಾದ ದಾರಿ ಅದು. ಇನ್ನು ಗೈಡುಗಳೇ ಬೇಕೆಂದರೆ, ಚಿಗರಿಯ ಹೆಜ್ಜೆಯನ್ನೂ ತೋಳದ ಗವಿಯನ್ನೂ ಕಣ್ಣುಮುಚ್ಚಿ ಹೇಳಬಲ್ಲ ಜನ ನಮ್ಮ ಹರಣಶಿಕಾರಿ ಮತ್ತು ಬೇಡ ಕುಟುಂಬಗಳಲ್ಲಿದ್ದಾರೆ. ಚಿಂಚೋಳಿಯ ಚಂದ್ರಂಪಳ್ಳಿಯಿಂದ ಬೀದರಿನ ಹೊನ್ನಿಕೇರಿಯವರೆಗೆ ಪ್ರಾಣಿ ನೋಡಲು ಬರುವವರನ್ನು ಕರೆದೊಯ್ಯಲು, ಹಿಂಡುಗಳ ಎಣಿಕೆಗೆ, ಹಾನಿಯ ಪಂಚನಾಮೆಗೆ ಸಾಕ್ಷಿಯಾಗಲು ಅವರಿಗೆ ತರಬೇತಿ ಮತ್ತು ಖಾಯಂ ಸಂಬಳ ಕೊಡಬೇಕು. ಅಲಾಸ್ಕದ ಗೈಡ್ ವ್ಯವಸ್ಥೆಯಲ್ಲಿ ನಾವು ಅನುಕರಿಸಬೇಕಾದ ಭಾಗವೆಂದರೆ ಪರೀಕ್ಷೆ, ಪರವಾನಗಿ ಮತ್ತು ಲಿಖಿತ ಹೊಣೆಗಾರಿಕೆ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಅರಣ್ಯ ಇಲಾಖೆಯನ್ನೂ ಮೂರು ಜಿಲ್ಲೆಗಳ ಆಡಳಿತವನ್ನೂ ಕೋರುವುದಿಷ್ಟು. ಪ್ರತಿ ತಾಲ್ಲೂಕಿನಲ್ಲಿ ಚಿಗರಿ ಮತ್ತು ಕಾಡುಹಂದಿಗಳ ಎಣಿಕೆಯನ್ನು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಹೊಲಗಳು ಖಾಲಿಯಿರುವಾಗ, ಊರವರನ್ನು ಸೇರಿಸಿಕೊಂಡು ನಡೆಸಬೇಕು. ಆ ಅಂಕಿಗಳನ್ನೂ, ಬಂದ ಪರಿಹಾರದ ಅರ್ಜಿಗಳು ಎಷ್ಟು, ಹಣ ಸಂದದ್ದು ಎಷ್ಟು, ಎಷ್ಟು ದಿನಗಳಲ್ಲಿ ಎಂಬುದನ್ನೂ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಬರೆಸಬೇಕು. ಮೊಳಕೆಯ ಹಂತದ ಹಾನಿಗೆ ಮೂರು ದಿನದೊಳಗೆ ಸ್ಥಳಪರಿಶೀಲನೆ ಆಗುವಂತೆ ಬಿತ್ತನೆಯ ಕಾಲಕ್ಕೆ ಪ್ರತಿ ಹೋಬಳಿಗೆ ಒಬ್ಬ ಸಿಬ್ಬಂದಿಯನ್ನು ಹೆಸರು ಮತ್ತು ಫೋನ್ ಸಂಖ್ಯೆ ಸಹಿತ ನೇಮಿಸಬೇಕು. ಉಳಿದಿರುವ ಗಾಯರಾಣಗಳ ಸರ್ವೆ ನಂಬರುಗಳನ್ನು ಪ್ರಕಟಿಸಿ, ಅವುಗಳಲ್ಲಿ ಹುಲ್ಲನ್ನೇ ಬೆಳೆಯಲು ಬಿಡಬೇಕು. ಮುಂದಿನ ಮುಂಗಾರು ಬಿತ್ತನೆಗೆ ಮೊದಲು ಇವುಗಳಲ್ಲಿ ಮೊದಲನೆಯದಾದ ಎಣಿಕೆಯಾದರೂ ಚಿಂಚೋಳಿ ಮತ್ತು ಬೀದರ್ ತಾಲ್ಲೂಕುಗಳಲ್ಲಿ ಆರಂಭವಾದರೆ, ಅದರಲ್ಲಿ ಸ್ವಯಂಸೇವಕನಾಗಿ ನಡೆಯಲು ನಾನೂ, ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಉಪನ್ಯಾಸಕ,
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ